‘ಅನುಭವವಿಲ್ಲ’ ಎನ್ನುವ ಮುನ್ನ

ಪದವಿ ಕಾಲೇಜುಗಳ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ತಾಲ್ಲೂಕು ಕೇಂದ್ರಗಳ ಜೆರಾಕ್ಸ್ ಅಂಗಡಿಗಳಲ್ಲಿ ಒಂದು ವ್ಯಾಪಾರ ಜೋರಾಗುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಯಾವುದೋ ಕಾಲದಲ್ಲಿ ಯಾರೋ ಟೈಪು ಮಾಡಿಸಿದ ಒಂದು ಬಯೋಡೇಟಾ ಇರುತ್ತದೆ. ಹುಡುಗನೋ ಹುಡುಗಿಯೋ ಬಂದು ತನ್ನ ಹೆಸರು, ವಿಳಾಸ, ಅಂಕ ಹೇಳಿದರೆ ಸಾಕು, ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸಿ ಹತ್ತು ನಿಮಿಷದಲ್ಲಿ ಕೈಗಿಡುತ್ತಾರೆ. ಹೆಸರು, ವಿಳಾಸ, ಅಂಕ ಬಿಟ್ಟರೆ ಉಳಿದದ್ದೆಲ್ಲ ಎಲ್ಲರಿಗೂ ಒಂದೇ. ಮೇಲೆ ‘ಪ್ರಗತಿಪರ ಸಂಸ್ಥೆಯೊಂದರಲ್ಲಿ ಸವಾಲಿನ ಹುದ್ದೆ ಪಡೆದು ಸಂಸ್ಥೆಯ ಏಳಿಗೆಗೆ ಶ್ರಮಿಸುವುದು ನನ್ನ ಗುರಿ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ನಡುವೆ ‘ಕಷ್ಟಪಟ್ಟು ದುಡಿಯುವವನು, ಬೇಗ ಕಲಿಯುವವನು, ಎಲ್ಲರೊಂದಿಗೆ ಹೊಂದಿಕೊಳ್ಳುವವನು’ ಎಂಬ ಗುಣಗಾನ. ಹವ್ಯಾಸ: ಸಂಗೀತ ಕೇಳುವುದು, ಕ್ರಿಕೆಟ್ ಆಡುವುದು. ಕೊನೆಗೆ ‘ಮೇಲ್ಕಂಡ ವಿವರಗಳೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ’ ಎಂಬ ಘೋಷಣೆ, ಸ್ಥಳ, ದಿನಾಂಕ, ಸಹಿ.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಸುಳ್ಳು ಏನೂ ಇಲ್ಲ, ನಿಜ. ಆದರೆ ನಿಮ್ಮದೆನ್ನುವುದೂ ಏನೂ ಇಲ್ಲ. ಒಂದು ಹುದ್ದೆಗೆ ಬಂದ ನೂರಾರು ಅರ್ಜಿಗಳಲ್ಲಿ ಇದೇ ವಾಕ್ಯ, ಇದೇ ಗುಣಗಾನ ಕಂಡರೆ ಓದುವವರಿಗೆ ಯಾರ ಮುಖವೂ ಕಾಣುವುದಿಲ್ಲ. ದೊಡ್ಡ ನಗರದ ಹೆಸರಾದ ಕಾಲೇಜಿನಲ್ಲಿ ಓದಿದವರಿಗೆ ಕಾಲೇಜಿನ ಹೆಸರೇ ಅರ್ಧ ಮಾತನಾಡುತ್ತದೆ. ಕಂಪನಿಗಳು ಬಾರದ ಊರಿನಲ್ಲಿ ಓದಿ, ಶಿಫಾರಸು ಮಾಡಲು ಯಾರೂ ಇಲ್ಲದ ಮಕ್ಕಳ ಪರವಾಗಿ ಮಾತನಾಡಲು ಇರುವುದು ಈ ಒಂದು ಹಾಳೆ ಮಾತ್ರ. ಅದರಲ್ಲೂ ಬೇರೆಯವರ ಮಾತೇ ತುಂಬಿದರೆ ಆ ಮಕ್ಕಳು ಬಾಗಿಲ ಹೊರಗೇ ಉಳಿಯುತ್ತಾರೆ. ಆದ್ದರಿಂದ ಮೊದಲ ಕೆಲಸಕ್ಕೆ ಅರ್ಜಿ ಹಾಕುವವರು ಈ ಹಾಳೆಯನ್ನು ತಾವೇ ಬರೆಯುವುದು ಹೇಗೆ ಎಂಬುದನ್ನು ಈ ವಾರ ನೋಡೋಣ.

ರೆಸ್ಯೂಮ್ ಎಂದರೇನು?

ಬಯೋಡೇಟಾ, ಸಿ.ವಿ., ರೆಸ್ಯೂಮ್ ಈ ಮೂರನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ರೆಸ್ಯೂಮ್ ಫ್ರೆಂಚ್ ಭಾಷೆಯಿಂದ ಬಂದ ಮಾತು. ಸಾರಾಂಶ ಎಂದು ಅದರ ಅರ್ಥ. ಸಿ.ವಿ. ಎಂದರೆ ಕರಿಕ್ಯುಲಮ್ ವೀಟೆ ಎಂಬ ಲ್ಯಾಟಿನ್ ಮಾತಿನ ಹ್ರಸ್ವರೂಪ, ಬದುಕಿನ ಹಾದಿ ಎಂದರ್ಥ. ಅಧ್ಯಾಪಕರು, ಸಂಶೋಧಕರು ತಮ್ಮ ಲೇಖನ, ಉಪನ್ಯಾಸಗಳನ್ನೆಲ್ಲ ಸೇರಿಸಿ ಹಲವು ಪುಟಗಳ ಸಿ.ವಿ. ಬರೆಯುವುದುಂಟು. ಮೊದಲ ಕೆಲಸ ಹುಡುಕುವವರಿಗೆ ಬೇಕಾದದ್ದು ಸಾರಾಂಶ, ಒಂದೇ ಒಂದು ಪುಟ.

ಈ ಪುಟ ನಿಮಗೆ ಕೆಲಸ ಕೊಡಿಸುವುದಿಲ್ಲ. ಕೆಲಸ ಕೊಡಿಸುವುದು ಸಂದರ್ಶನ. ‘ಈ ಹುಡುಗಿಯನ್ನು ಕರೆಸಿ ಮಾತನಾಡಿಸಬಹುದು’ ಎಂದು ಓದಿದವರಿಗೆ ಅನ್ನಿಸುವಂತೆ ಮಾಡಿದರೆ ರೆಸ್ಯೂಮ್‌ನ ಕೆಲಸ ಮುಗಿಯಿತು. ಅದಕ್ಕೆ ಸಿಗುವ ಸಮಯವೂ ಅತ್ಯಲ್ಪ. ಅಮೆರಿಕದ ದಿ ಲ್ಯಾಡರ್ಸ್ ಎಂಬ ಉದ್ಯೋಗ ಸಂಸ್ಥೆ 2012ರಲ್ಲಿ ನೇಮಕಾತಿ ಮಾಡುವವರ ಕಣ್ಣಿನ ಚಲನೆಯನ್ನು ಉಪಕರಣದಿಂದ ಅಳೆದು ನೋಡಿತು. ಒಂದು ರೆಸ್ಯೂಮ್‌ನ ಮೊದಲ ನೋಟಕ್ಕೆ ಅವರು ಕೊಟ್ಟ ಸಮಯ ಸುಮಾರು 6 ಸೆಕೆಂಡ್. 2018ರಲ್ಲಿ ಮತ್ತೆ ಅಳೆದಾಗ ಅದು 7.4 ಸೆಕೆಂಡ್ ಆಗಿತ್ತು. ಲೆಕ್ಕ ಆ ದೇಶದ್ದು. ಆದರೂ ಅರ್ಜಿಗಳ ರಾಶಿ ಮುಂದಿಟ್ಟುಕೊಂಡವರ ಅವಸರ ಎಲ್ಲ ಕಡೆಯೂ ಒಂದೇ. ಆದ್ದರಿಂದ ಮುಖ್ಯವಾದದ್ದು ಪುಟದ ಮೇಲಿನ ಮೂರನೇ ಒಂದು ಭಾಗದಲ್ಲೇ ಸಿಗುವಂತಿರಬೇಕು. ಅಂಥ ಜಾಗವನ್ನು ಎಲ್ಲರ ಬಳಿಯೂ ಇರುವ ಗುರಿವಾಕ್ಯಕ್ಕೆ ಬಿಟ್ಟುಕೊಡುವುದು ನಷ್ಟದ ವ್ಯವಹಾರ.

ಬೇಡದ ವಿವರಗಳು

ನಮ್ಮ ಬಯೋಡೇಟಾಗಳಲ್ಲಿ ತಂದೆಯ ಉದ್ಯೋಗ, ಧರ್ಮ, ಜಾತಿ, ವಿವಾಹಿತರೇ ಅವಿವಾಹಿತರೇ, ಎತ್ತರ, ತೂಕ ಎಲ್ಲವೂ ಇರುತ್ತವೆ. ಇವುಗಳಲ್ಲಿ ಅರ್ಧ ಸರ್ಕಾರಿ ಅರ್ಜಿ ನಮೂನೆಗಳಿಂದ ಬಂದದ್ದು, ಇನ್ನರ್ಧ ಹೆಣ್ಣು ಗಂಡು ನೋಡುವಾಗ ಜಾತಕದ ಜೊತೆ ಕಳಿಸುವ ವಿವರದಿಂದ ಬಂದದ್ದು. ಸರ್ಕಾರಿ ಹುದ್ದೆಯ ಮಾತು ಬೇರೆ. ಕರ್ನಾಟಕ ಲೋಕಸೇವಾ ಆಯೋಗ ಅಥವಾ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಜಿಯಲ್ಲಿ ಮೀಸಲಾತಿ ಪ್ರವರ್ಗ, ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ ಮುಂತಾದವನ್ನು ಕೇಳಿದರೆ ಸರಿಯಾಗಿ ತುಂಬಲೇಬೇಕು. ಅಲ್ಲಿ ಅದು ನಿಮ್ಮ ಹಕ್ಕಿಗೆ ಸಂಬಂಧಿಸಿದ್ದು. ಖಾಸಗಿ ಸಂಸ್ಥೆಗೆ ಕಳಿಸುವ ರೆಸ್ಯೂಮ್‌ನಲ್ಲಿ ಇವು ಯಾವುವೂ ಬೇಕಿಲ್ಲ.

ಬೇಕಿಲ್ಲ ಎನ್ನುವುದಕ್ಕೆ ಪುಟ ಉಳಿಸುವುದಕ್ಕಿಂತ ದೊಡ್ಡ ಕಾರಣವಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟವೆಲ್ ಎಂಬ ವಿದ್ವಾಂಸರು 2005ರ ಅಕ್ಟೋಬರ್‌ನಿಂದ 66 ವಾರಗಳ ಕಾಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳಿಸಿದರು. ವಿದ್ಯಾರ್ಹತೆ ಒಂದೇ ಮಟ್ಟದ್ದಾಗಿದ್ದರೂ ಅರ್ಜಿದಾರರ ಹೆಸರು ಮಾತ್ರ ಬೇರೆ ಬೇರೆ ಸಮುದಾಯ ಸೂಚಿಸುವಂತಿತ್ತು. 2007ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೇಲ್ಜಾತಿಯ ಹಿಂದೂ ಹೆಸರಿಗೆ ಕರೆ ಬರುವ ಸಂಭವವನ್ನು 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33. ಓದಿದರೆ ಮನಸ್ಸಿಗೆ ನೋವಾಗುತ್ತದೆ. ಹೆಸರನ್ನು ಯಾರೂ ಬದಲಿಸಬೇಕಾಗಿಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಯಾರೂ ಕೇಳದ ವಿವರವನ್ನು ನಾವಾಗಿಯೇ ಬರೆದು ಇನ್ನೊಬ್ಬರ ಪೂರ್ವಗ್ರಹಕ್ಕೆ ಆಹಾರ ಒದಗಿಸುವುದು ಏಕೆ? ಹೆಣ್ಣುಮಕ್ಕಳ ವಿವಾಹದ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನಂತೂ ಬರೆಯಲೇಬೇಡಿ. ರೆಸ್ಯೂಮ್ ಯಾರ ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಕೆಲಸಕ್ಕೆ ಸೇರುವಾಗ ಸಂಸ್ಥೆ ಕೇಳಿದರೆ ಆಗ ಕೊಟ್ಟರಾಯಿತು. ಹೆಸರು, ಊರು, ದೂರವಾಣಿ ಸಂಖ್ಯೆ, ಇ-ಮೇಲ್ ಇಷ್ಟೇ ಸಾಕು.

ಅನುಭವ ಎಲ್ಲಿದೆ?

ಇಷ್ಟನ್ನೆಲ್ಲ ತೆಗೆದುಹಾಕಿದರೆ ಪುಟದಲ್ಲಿ ಉಳಿಯುವುದೇನು? ‘ನನಗೆ ಅನುಭವವೇ ಇಲ್ಲವಲ್ಲ, ಏನು ಬರೆಯಲಿ?’ ಎಂಬುದು ಹೊಸಬರೆಲ್ಲರ ಪ್ರಶ್ನೆ. ಸಂಬಳ ಪಡೆದ ಕೆಲಸವನ್ನು ಮಾತ್ರ ಅನುಭವ ಎಂದು ತಿಳಿದಿರುವುದರಿಂದ ಈ ಪ್ರಶ್ನೆ ಹುಟ್ಟುತ್ತದೆ. ಕೆಲವು ಉದಾಹರಣೆಗಳನ್ನು ನೋಡೋಣ.

ಹಾಸನ ಜಿಲ್ಲೆಯ ಹಳ್ಳಿಯೊಂದರ ಬಿ.ಕಾಂ. ವಿದ್ಯಾರ್ಥಿನಿ ಎಂದಿಟ್ಟುಕೊಳ್ಳಿ. ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದ ಮೇಲೆ ಹಳ್ಳಿಹಳ್ಳಿಗಳಲ್ಲಿ ಮಹಿಳೆಯರ ಸಂಘಗಳು ಹುಟ್ಟಿದವು. ಇವಳ ತಾಯಿಯೂ ಒಂದು ಸಂಘದ ಸದಸ್ಯೆ. ಸಂಘದಲ್ಲಿ ಬರೆಯಲು ಬರುವವರು ಕಡಿಮೆ. ಹೀಗಾಗಿ ವಾರದ ಸಭೆಯ ನಡವಳಿ, ನಗದು ಪುಸ್ತಕ, ಯಾರು ಎಷ್ಟು ಉಳಿತಾಯ ಕಟ್ಟಿದರು, ಸಾಲದ ಕಂತು ಎಷ್ಟು ಬಂತು ಎಂಬ ಲೆಕ್ಕವನ್ನೆಲ್ಲ ಬರೆಯುತ್ತಿದ್ದವಳು ಇವಳೇ. ರೆಸ್ಯೂಮ್‌ನಲ್ಲಿ ಅದರ ಸುದ್ದಿಯೇ ಇಲ್ಲ! ‘ಅದು ಮನೆ ಕೆಲಸ’ ಎಂಬುದು ಅವಳ ಉತ್ತರ. ಲೆಕ್ಕಪತ್ರ ಸಹಾಯಕರನ್ನು ಹುಡುಕುತ್ತಿರುವ ಸಂಸ್ಥೆಗೆ, ಹದಿನೆಂಟು ಜನರ ದುಡ್ಡಿನ ಲೆಕ್ಕವನ್ನು ಎರಡು ವರ್ಷ ತಕರಾರಿಲ್ಲದೆ ಬರೆದವಳು ಎಂಬುದಕ್ಕಿಂತ ಬೇಕಾದ ಸಂಗತಿ ಇನ್ನೇನಿದ್ದೀತು?

ಇನ್ನೊಬ್ಬ ಎಲೆಕ್ಟ್ರಿಕಲ್ ಡಿಪ್ಲೊಮಾ ಹುಡುಗ. ಬೇಸಿಗೆ ರಜೆಯಲ್ಲೆಲ್ಲ ಸೋದರಮಾವನ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಕುಳಿತು ಕೊಳವೆಬಾವಿಯ ಪಂಪುಗಳನ್ನು ಬಿಚ್ಚಿ ಸುಟ್ಟ ತಂತಿ ತೆಗೆದು ಹೊಸದು ಸುತ್ತಿದವನು. ಯಾವ ಕಂಪನಿಯ ಮೋಟಾರು ಯಾವ ಕಾರಣಕ್ಕೆ ಸುಡುತ್ತದೆ ಎಂದು ಅವನು ಅರ್ಧ ಗಂಟೆ ಮಾತನಾಡಬಲ್ಲ. ಅವನ ರೆಸ್ಯೂಮ್‌ನಲ್ಲಿ ಇರುವುದು ‘ಬೇಗ ಕಲಿಯುವವನು’ ಎಂಬ ಎರಡು ಪದ.

ಮೂರನೆಯವಳು ಬಿ.ಎ. ಓದಿ ರಾಷ್ಟ್ರೀಯ ಸೇವಾ ಯೋಜನೆಯಲ್ಲಿದ್ದವಳು. 1969ರಲ್ಲಿ ಆರಂಭವಾದ ಈ ಯೋಜನೆಯ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು, ಏಳು ದಿನಗಳ ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. ‘ಎನ್.ಎಸ್.ಎಸ್. ಪ್ರಮಾಣಪತ್ರ ಪಡೆದಿದ್ದೇನೆ’ ಎಂದು ಬರೆದರೆ ಅದು ಎಲ್ಲರ ಬಳಿಯೂ ಇರುವ ಕಾಗದ. ಐವತ್ತು ಮಂದಿಯ ಶಿಬಿರಕ್ಕೆ ಏಳು ದಿನ ದಿನಸಿ ತರಿಸಿ, ಅಡುಗೆಯ ಪಾಳಿ ಗೊತ್ತುಮಾಡಿ, ಖರ್ಚಿನ ಲೆಕ್ಕ ಒಪ್ಪಿಸಿದವಳು ಅವಳೇ ಆಗಿದ್ದರೆ, ಬರೆಯಬೇಕಾದದ್ದು ಅದನ್ನು.

ಇನ್ನು ಹೊಟ್ಟೆಪಾಡಿಗಾಗಿ ದುಡಿಯುತ್ತ ಓದಿದವರಿದ್ದಾರೆ. ಬೆಳಗಿನ ಜಾವ ಪತ್ರಿಕೆ ಹಂಚಿದವರು, ಹಬ್ಬದ ದಿನಗಳಲ್ಲಿ ಬಟ್ಟೆ ಅಂಗಡಿಯಲ್ಲಿ ನಿಂತವರು, ಮದುವೆ ಮನೆಗಳಲ್ಲಿ ಬಡಿಸಲು ಹೋದವರು. ಇವರು ತಮ್ಮ ದುಡಿಮೆಯನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ‘ಮೂರು ವರ್ಷ ಪ್ರತಿದಿನ ಬೆಳಿಗ್ಗೆ 5ರಿಂದ 7ರವರೆಗೆ 120 ಮನೆಗಳಿಗೆ ಪತ್ರಿಕೆ ಹಂಚಿದೆ, ತಿಂಗಳ ಹಣ ವಸೂಲಿಯೂ ನನ್ನದೇ ಆಗಿತ್ತು’ ಎಂಬ ಸಾಲನ್ನು ಓದಿದವರಿಗೆ ‘ಸಮಯಪಾಲನೆ’ ‘ಜವಾಬ್ದಾರಿ’ ಎಂದು ಬೇರೆ ಹೇಳಬೇಕೆ? ಮಾರಾಟ, ವಸೂಲಿ, ಗ್ರಾಹಕ ಸೇವೆಯ ಕೆಲಸಗಳಿಗೆ ಇಂಥ ಸಾಲು ಎಷ್ಟೋ ಪ್ರಮಾಣಪತ್ರಗಳಿಗಿಂತ ತೂಕದ್ದು.

ನಿಜವಾಗಿಯೂ ಬರೆಯಲು ಏನೂ ಇಲ್ಲ ಅನ್ನಿಸಿದರೆ ಅನುಭವ ಸಂಪಾದಿಸಲು ದಾರಿಗಳಿವೆ. 1961ರ ಅಪ್ರೆಂಟಿಸ್ ಕಾಯಿದೆಯಡಿ ಕೈಗಾರಿಕೆಗಳಲ್ಲಿ ಐ.ಟಿ.ಐ. ಮಾಡಿದವರಿಗೆ ಮಾತ್ರವಲ್ಲದೆ ಡಿಪ್ಲೊಮಾ ಮತ್ತು ಪದವಿ ಪಡೆದವರಿಗೂ ಮಾಸಿಕ ವೇತನದೊಂದಿಗೆ ತರಬೇತಿ ಪಡೆಯುವ ಅವಕಾಶವಿದೆ. ‘ಕಾಯಂ ಕೆಲಸವಲ್ಲ’ ಎಂದು ಅದನ್ನು ಬಿಟ್ಟು ಮನೆಯಲ್ಲಿ ಕೂರುವುದಕ್ಕಿಂತ, ಅದನ್ನು ಮುಗಿಸಿ ರೆಸ್ಯೂಮ್‌ನ ಮೊದಲ ಸಾಲಾಗಿ ಬರೆಯುವುದು ಜಾಣತನ.

ಸಾಲು ಕಟ್ಟುವ ಬಗೆ

ಮಾಡಿದ ಕೆಲಸವನ್ನು ಒಂದು ಸಾಲಿಗೆ ಇಳಿಸಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಏನು ಮಾಡಿದೆ? ಎಷ್ಟು ಮಾಡಿದೆ? ಯಾವುದರಿಂದ ಮಾಡಿದೆ? ಅದರಿಂದ ಏನಾಯಿತು? ನಾಲ್ಕಕ್ಕೂ ಉತ್ತರ ಇರಲೇಬೇಕೆಂದಿಲ್ಲ. ಎರಡು ಸಿಕ್ಕರೂ ಸಾಲು ಗಟ್ಟಿಯಾಗುತ್ತದೆ. ‘ಕಂಪ್ಯೂಟರ್ ಜ್ಞಾನವಿದೆ’ ಎಂಬುದು ಸಡಿಲವಾದ ಸಾಲು. ‘ಕಾಲೇಜು ವಾರ್ಷಿಕೋತ್ಸವದ ಜಮಾಖರ್ಚನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸಿದೆ’ ಎಂಬುದು ಗಟ್ಟಿ ಸಾಲು.

ಪ್ರಾಜೆಕ್ಟ್ ಕೆಲಸದ ವಿಷಯದಲ್ಲಿ ಇನ್ನೊಂದು ಎಚ್ಚರ. ನಾಲ್ವರು ಸೇರಿ ಮಾಡಿದ ಪ್ರಾಜೆಕ್ಟಿನ ಹೆಸರನ್ನು ನಾಲ್ವರೂ ಬರೆಯುತ್ತಾರೆ. ಅದರಲ್ಲಿ ನಿಮ್ಮ ಪಾಲು ಯಾವುದು ಎಂಬುದನ್ನು ಬರೆಯಿರಿ. ಸಂದರ್ಶನದಲ್ಲಿ ಕೇಳುವುದೂ ಅದನ್ನೇ.

ಎಲ್ಲರೂ ಮಾದರಿಯ ಮೊರೆ ಹೋಗಲು ಮುಖ್ಯ ಕಾರಣ ಇಂಗ್ಲಿಷಿನ ಭಯ. ಅದಕ್ಕೊಂದು ಉಪಾಯವಿದೆ. ಎಲ್ಲವನ್ನೂ ಮೊದಲು ಕನ್ನಡದಲ್ಲೇ, ನೀವು ಮಾತನಾಡುವ ರೀತಿಯಲ್ಲೇ ಬರೆದುಕೊಳ್ಳಿ. ಸಂಗತಿ ಸ್ಪಷ್ಟವಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ತನ್ನಿ, ಬಲ್ಲವರಿಂದ ತಿದ್ದಿಸಿ. ದೊಡ್ಡ ಪದ ಬೇಕಿಲ್ಲ. 2022ರ ಕೊನೆಯಲ್ಲಿ ಚಾಟ್ ಜಿಪಿಟಿ ಬಂದ ಮೇಲೆ ರೆಸ್ಯೂಮ್ ಬರೆಸಿಕೊಳ್ಳುವುದು ಇನ್ನೂ ಸುಲಭವಾಗಿದೆ. ವ್ಯಾಕರಣ ತಿದ್ದಲು, ವಾಕ್ಯ ಚಿಕ್ಕದು ಮಾಡಲು ಇಂಥ ತಂತ್ರಾಂಶ ಉಪಯುಕ್ತ. ಆದರೆ ‘ಬಿ.ಕಾಂ. ಓದಿದ ಹುಡುಗಿಗೆ ರೆಸ್ಯೂಮ್ ಬರೆದುಕೊಡು’ ಎಂದಷ್ಟೇ ಕೇಳಿದರೆ ಅದು ಕೊಡುವುದು ಬಿ.ಕಾಂ. ಓದಿದ ಯಾವ ಹುಡುಗಿಗಾದರೂ ಹೊಂದುವಂಥದ್ದನ್ನು. ಸ್ತ್ರೀಶಕ್ತಿ ಸಂಘದ ನಗದು ಪುಸ್ತಕ ನೀವು ಹೇಳದೆ ಅದಕ್ಕೆ ತಿಳಿಯುವುದಿಲ್ಲ. ನೀವು ಮಾಡದ ಕೆಲಸವನ್ನು ಅದು ಸೇರಿಸಿರಲೂಬಹುದು. ಒಂದೊಂದು ಪದವನ್ನೂ ಓದಿ ನಿಮ್ಮದಲ್ಲದ್ದನ್ನು ಹೊಡೆದುಹಾಕಿ.

ಅಂಕ, ಹೆಸರು, ಖಾಲಿ ವರ್ಷ

ವಿದ್ಯಾಭ್ಯಾಸವನ್ನು ಇತ್ತೀಚಿನದರಿಂದ ಹಿಂದಕ್ಕೆ ಬರೆಯುವುದು ರೂಢಿ: ಪದವಿ, ಪಿ.ಯು.ಸಿ., ಎಸ್.ಎಸ್.ಎಲ್.ಸಿ. ವರ್ಷ, ಕಾಲೇಜು, ಅಂಕ ಇಷ್ಟು ಸಾಕು. ಗ್ರೇಡ್ ಅಂಕವನ್ನು ಶೇಕಡಾಕ್ಕೆ ಪರಿವರ್ತಿಸುವ ಸೂತ್ರ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಒಂದೇ ಅಲ್ಲ. ನಿಮ್ಮ ವಿಶ್ವವಿದ್ಯಾಲಯದ ಸೂತ್ರವನ್ನೇ ಬಳಸಿ, ಇಲ್ಲವೇ ಗ್ರೇಡ್ ಅಂಕವನ್ನು ಇದ್ದ ಹಾಗೇ ಬರೆಯಿರಿ. ಅಂಕಪಟ್ಟಿಯಲ್ಲಿ 58.6 ಇದ್ದರೆ ಅದನ್ನು 60 ಮಾಡಬಾರದು.

ಹೆಸರಿನ ವಿಷಯದಲ್ಲಿ ನಮ್ಮ ರಾಜ್ಯದವರಿಗೆ ವಿಶೇಷ ತೊಡಕಿದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪ್ಯಾನ್ ಕಾರ್ಡಿನಲ್ಲಿ ತಂದೆಯ ಪೂರ್ತಿ ಹೆಸರು. ಒಬ್ಬರೇ ಮೂರು ಜನರಾಗಿ ಕಾಣುತ್ತಾರೆ. ರೆಸ್ಯೂಮ್‌ನಲ್ಲಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಬರೆಯಿರಿ. ಇತರ ದಾಖಲೆಗಳಲ್ಲಿರುವ ವ್ಯತ್ಯಾಸವನ್ನು ಕೆಲಸ ಸಿಗುವವರೆಗೆ ಕಾಯದೆ ಈಗಲೇ ಸರಿಪಡಿಸಿಕೊಳ್ಳುವುದು ಕ್ಷೇಮ.

ಒಂದು ವರ್ಷ ಓದು ನಿಂತಿದ್ದರೆ, ವಿಷಯವೊಂದರಲ್ಲಿ ನಪಾಸಾಗಿ ಮತ್ತೆ ಕಟ್ಟಿದ್ದರೆ ಮುಚ್ಚಿಡಲು ವರ್ಷಗಳನ್ನು ತಿದ್ದಬೇಡಿ. ರೆಸ್ಯೂಮ್‌ನಲ್ಲಿ ಕಾರಣ ವಿವರಿಸುವ ಅಗತ್ಯವಿಲ್ಲ. ಕೇಳಿದರೆ ‘ತಂದೆಯವರ ಕಾಯಿಲೆಯಿಂದ ಆ ವರ್ಷ ಜಮೀನು ನೋಡಿಕೊಂಡೆ’ ಎಂದು ನೇರವಾಗಿ ಹೇಳಿ. ನೇರ ಉತ್ತರಕ್ಕೆ ಸಿಗುವ ಮರ್ಯಾದೆ ದೊಡ್ಡದು.

ಹೇಳಿದ್ದಕ್ಕೆ ಆಧಾರ

ರೆಸ್ಯೂಮ್‌ನ ಪ್ರತಿಯೊಂದು ಸಾಲೂ ಸಂದರ್ಶನದಲ್ಲಿ ಒಂದು ಪ್ರಶ್ನೆಯಾಗಬಹುದು. ‘ಟ್ಯಾಲಿ ಬಲ್ಲೆ’ ಎಂದು ಬರೆದವರಿಗೆ ಅಲ್ಲೇ ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಜಿ.ಎಸ್.ಟಿ. ಬಿಲ್ಲು ನಮೂದಿಸಲು ಹೇಳುವುದುಂಟು. ಗೊತ್ತಿರುವುದನ್ನು ಗೊತ್ತಿರುವಷ್ಟೇ ಬರೆಯಿರಿ: ‘ಟ್ಯಾಲಿಯಲ್ಲಿ ಖರೀದಿ, ಮಾರಾಟ, ಪಾವತಿಯ ವೋಚರ್‌ಗಳನ್ನು ನಮೂದಿಸಬಲ್ಲೆ.’ ಭಾಷೆಗಳಿಗೂ ಹಾಗೆಯೇ. ಸಿನಿಮಾ ನೋಡಿ ಅರ್ಥವಾಗುವ ಹಿಂದಿಯನ್ನು ‘ಓದಲು, ಬರೆಯಲು, ಮಾತನಾಡಲು ಬರುತ್ತದೆ’ ಎಂದು ಬರೆದರೆ ಮೊದಲ ಪ್ರಶ್ನೆ ಹಿಂದಿಯಲ್ಲೇ ಬಂದೀತು. ಅಂಕ, ಪ್ರಮಾಣಪತ್ರ, ಹಿಂದಿನ ಕೆಲಸಗಳನ್ನು ಹಲವು ಸಂಸ್ಥೆಗಳು ಹೊರಗಿನ ಏಜೆನ್ಸಿಗಳಿಂದ ಪರಿಶೀಲಿಸುತ್ತವೆ. ಸುಳ್ಳು ಹೊರಬಿದ್ದರೆ ಸಿಕ್ಕ ಕೆಲಸವೂ ಕೈತಪ್ಪುತ್ತದೆ.

ಲಿಯೊನಾರ್ಡೊ ಡ ವಿಂಚಿ ಎಂದರೆ ನಮಗೆ ನೆನಪಾಗುವುದು ಮೋನಾಲಿಸಾ ಚಿತ್ರ. ಅವನು 1482ರ ಸುಮಾರಿಗೆ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಸಿದ್ಧಪಡಿಸಿದ ಪತ್ರ ಇಂದಿಗೂ ಉಳಿದಿದೆ. ಹಗುರವಾದ ಸೇತುವೆ, ಕೋಟೆ ಮುತ್ತುವ ಸಾಧನ, ಫಿರಂಗಿ ಮುಂತಾಗಿ ಯುದ್ಧಕ್ಕೆ ಬೇಕಾದುವನ್ನೇ ಅದರಲ್ಲಿ ಒಂದೊಂದಾಗಿ ಪಟ್ಟಿ ಮಾಡಿದ್ದಾನೆ. ಶಿಲ್ಪ, ಚಿತ್ರಕಲೆ ಬರುವುದು ಕಟ್ಟಕಡೆಗೆ. ಆ ಪತ್ರದಿಂದ ಎರಡು ಪಾಠ ಕಲಿಯಬಹುದು. ಓದುವವನಿಗೆ ಬೇಕಾದದ್ದನ್ನು ಮೊದಲು ಹೇಳಿದ್ದಾನೆ. ಇದು ಅಸಾಧ್ಯವೆನ್ನಿಸಿದರೆ ನಿಮ್ಮ ಉದ್ಯಾನದಲ್ಲೋ ನೀವು ಹೇಳಿದ ಜಾಗದಲ್ಲೋ ಮಾಡಿ ತೋರಿಸಲು ಸಿದ್ಧ ಎಂದು ಕೊನೆಯಲ್ಲಿ ಬರೆದಿದ್ದಾನೆ. ಮಾಡಿ ತೋರಿಸಲು ನೀವು ಸಿದ್ಧರಿಲ್ಲದ ಯಾವುದನ್ನೂ ನಿಮ್ಮ ಪುಟದಲ್ಲಿ ಇಡಬೇಡಿ.

ಓದುವವರಿಗೆ ಬೇಕಾದದ್ದು ಮೊದಲು ಎಂದ ಮೇಲೆ ಎಲ್ಲ ಅರ್ಜಿಗೂ ಒಂದೇ ರೆಸ್ಯೂಮ್ ನಡೆಯುವುದಿಲ್ಲ. ಜಾಹೀರಾತನ್ನು ಎರಡು ಸಲ ಓದಿ, ಅವರು ಕೇಳಿರುವ ಅರ್ಹತೆಗಳಿಗೆ ಅಡಿಗೆರೆ ಎಳೆಯಿರಿ. ಅವುಗಳಲ್ಲಿ ನಿಮ್ಮಲ್ಲಿರುವುದನ್ನು ಮೇಲಕ್ಕೆ ತನ್ನಿ. ಪತ್ರಿಕೆ ಹಂಚಿದವನು ಮಾರಾಟದ ಕೆಲಸಕ್ಕೆ ಅದನ್ನು ಮೊದಲು ಬರೆಯಲಿ, ಪ್ರಯೋಗಾಲಯದ ಕೆಲಸಕ್ಕಾದರೆ ಪ್ರಾಜೆಕ್ಟ್ ಮೊದಲು ಬರಲಿ.

ಹಾಳೆಯ ರೂಪ

ಮೇಲಿನ ಬಿ.ಕಾಂ. ವಿದ್ಯಾರ್ಥಿನಿ ಲೆಕ್ಕಪತ್ರ ಸಹಾಯಕಿಯ ಹುದ್ದೆಗೆ ಅರ್ಜಿ ಹಾಕುವುದಾದರೆ ಅವಳ ಪುಟ ಹೀಗಿರಬಹುದು:

ಹೆಸರು, ಊರು, ದೂರವಾಣಿ, ಇ-ಮೇಲ್.

ಸಾರಾಂಶ: ಬಿ.ಕಾಂ. ಪದವೀಧರೆ. ಸ್ವಸಹಾಯ ಸಂಘದ ಲೆಕ್ಕ ಬರೆದ ಎರಡು ವರ್ಷಗಳ ಅಭ್ಯಾಸ. ಟ್ಯಾಲಿ ಮತ್ತು ಎಕ್ಸೆಲ್ ಬಳಸಬಲ್ಲೆ.

ಮಾಡಿದ ಕೆಲಸ: 18 ಸದಸ್ಯೆಯರ ಸಂಘದ ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಖಾತೆಗಳನ್ನು ಎರಡು ವರ್ಷ ಬರೆದೆ. ಪ್ರತಿ ತಿಂಗಳು ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿದೆ. ನೆರೆಯ ಆರು ಮಕ್ಕಳಿಗೆ ಒಂದು ವರ್ಷ ಗಣಿತ ಹೇಳಿಕೊಟ್ಟೆ.

ಕೌಶಲ: ಟ್ಯಾಲಿಯಲ್ಲಿ ವೋಚರ್ ನಮೂದು, ಎಕ್ಸೆಲ್‌ನಲ್ಲಿ ಮೊತ್ತ, ವಿಂಗಡಣೆ, ಪಟ್ಟಿ ತಯಾರಿ, ಕನ್ನಡ ಮತ್ತು ಇಂಗ್ಲಿಷ್ ಟೈಪಿಂಗ್.

ವಿದ್ಯಾಭ್ಯಾಸ: ಬಿ.ಕಾಂ., ಪಿ.ಯು.ಸಿ., ಎಸ್.ಎಸ್.ಎಲ್.ಸಿ. ವರ್ಷ ಮತ್ತು ಅಂಕಗಳೊಂದಿಗೆ.

ಭಾಷೆ: ಕನ್ನಡ, ಇಂಗ್ಲಿಷ್ ಓದಲು, ಬರೆಯಲು ಚೆನ್ನಾಗಿ, ಮಾತನಾಡಲು ಸಾಧಾರಣ.

ಇಷ್ಟೇ. ಗುರಿವಾಕ್ಯವಿಲ್ಲ, ಘೋಷಣೆಯಿಲ್ಲ. ಆದರೂ ಓದಿದವರಿಗೆ ಒಬ್ಬ ಹುಡುಗಿ ಕಾಣುತ್ತಾಳೆ.

ಈಗ ಅನೇಕ ದೊಡ್ಡ ಸಂಸ್ಥೆಗಳಲ್ಲಿ ರೆಸ್ಯೂಮ್‌ಗಳನ್ನು ಮೊದಲು ಓದುವುದು ಕಂಪ್ಯೂಟರ್. ಅಲಂಕಾರದ ಚೌಕಟ್ಟು, ಎರಡು ಕಾಲಂ, ಚಿತ್ರದೊಳಗೆ ಬರೆದ ಅಕ್ಷರಗಳಿದ್ದರೆ ಅದು ತಪ್ಪಾಗಿ ಓದಬಹುದು. ಬಿಳಿ ಪುಟ, ಕಪ್ಪು ಅಕ್ಷರ, ಒಂದೇ ಬಗೆಯ ಅಚ್ಚು, ಸರಳ ತಲೆಬರಹ ಸಾಕು. ಬೇರೆ ರೀತಿ ಕೇಳದಿದ್ದರೆ ಪಿ.ಡಿ.ಎಫ್. ರೂಪದಲ್ಲಿ ಕಳಿಸಿ. ಕಡತದ ಹೆಸರು ‘ಹೊಸದು-2’ ಎಂದಿರದೆ ನಿಮ್ಮ ಹೆಸರಾಗಿರಲಿ. ಗೆಳೆಯರಿಗೆ ತಮಾಷೆಯಾಗಿ ಕಾಣುವ ಇ-ಮೇಲ್ ವಿಳಾಸವಿದ್ದರೆ ನಿಮ್ಮ ಹೆಸರಿನದೇ ಒಂದನ್ನು ಮಾಡಿಕೊಳ್ಳಿ. ಕೇಳದೆ ಭಾವಚಿತ್ರ ಬೇಡ. ಜೊತೆಗೆ ಆರೇಳು ಸಾಲಿನ ಪತ್ರವಿರಲಿ: ಯಾವ ಹುದ್ದೆಗೆ ಅರ್ಜಿ, ಅದನ್ನು ಎಲ್ಲಿ ನೋಡಿದಿರಿ, ಆ ಹುದ್ದೆಗೆ ನಿಮ್ಮಲ್ಲಿರುವ ಎರಡು ಅರ್ಹತೆ, ಯಾವಾಗ ಸಿಗುತ್ತೀರಿ. ಕಳಿಸುವ ಮೊದಲು ಗಟ್ಟಿಯಾಗಿ ಓದಿ, ಇನ್ನೊಬ್ಬರಿಂದಲೂ ಓದಿಸಿ. ದೂರವಾಣಿ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ತಂದೆ ತಾಯಂದಿರಿಗೆ

ಮಗನ ರೆಸ್ಯೂಮ್ ಅನ್ನು ತಂದೆಯೇ ಬರೆಸಿ ತರುವುದು, ಪರಿಚಯದ ದೊಡ್ಡವರ ಹೆಸರುಗಳನ್ನು ಅವರನ್ನು ಕೇಳದೆಯೇ ಕೊನೆಯಲ್ಲಿ ಸೇರಿಸುವುದು ನಮ್ಮಲ್ಲಿ ಸಾಮಾನ್ಯ. ಕಾಳಜಿಯಿಂದ ಮಾಡುವುದೇ ಆದರೂ ಇದರಿಂದ ಮಕ್ಕಳಿಗೆ ಸಂದರ್ಶನದಲ್ಲಿ ತೊಂದರೆಯೇ ಹೆಚ್ಚು. ತಾನು ಬರೆಯದ ಪುಟದ ಬಗ್ಗೆ ಅವನು ಮಾತನಾಡುವುದು ಹೇಗೆ? ನೀವು ಮಾಡಬಹುದಾದ ಸಹಾಯ ಬೇರೆಯಿದೆ. ಮಕ್ಕಳು ತಾವು ಮಾಡಿದ ಕೆಲಸವನ್ನು ಬೇಗ ಮರೆಯುತ್ತಾರೆ, ಹೆತ್ತವರು ಮರೆಯುವುದಿಲ್ಲ. ಒಂದು ಸಂಜೆ ಜೊತೆಯಲ್ಲಿ ಕುಳಿತು ‘ಡೇರಿಯ ಕಾರ್ಯದರ್ಶಿ ಊರಲ್ಲಿಲ್ಲದಾಗ ಹದಿನೈದು ದಿನ ಹಾಲಿನ ಲೆಕ್ಕ ಬರೆದವಳು ನೀನಲ್ಲವೇನೇ?’ ಎಂದು ನೆನಪಿಸಿ. ಆ ಕೆಲಸ ಚಿಕ್ಕದಲ್ಲ ಎಂದು ನಿಮ್ಮ ಬಾಯಿಂದ ಕೇಳಿದರೆ ಅದನ್ನು ಬರೆಯುವ ಧೈರ್ಯ ಅವರಿಗೆ ಬರುತ್ತದೆ.

ಇನ್ನೊಂದು ಎಚ್ಚರಿಕೆ. ರೆಸ್ಯೂಮ್ ಕಳಿಸಿದ ಕೆಲವೇ ದಿನಗಳಲ್ಲಿ ‘ನೀವು ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಟ್ಟಿ’, ‘ಲ್ಯಾಪ್‌ಟಾಪಿಗೆ ಠೇವಣಿ ಕಟ್ಟಿ’ ಎಂಬ ಕರೆ ಬಂದರೆ ಹಣ ಕೊಡಬೇಡಿ. ಸಂದರ್ಶನವಿಲ್ಲದೆ ಕೆಲಸ ಕೊಡುವವರನ್ನು, ಕೆಲಸ ಕೊಡಲು ಹಣ ಕೇಳುವವರನ್ನು ನಂಬಬಾರದು. ಮೋಸಹೋಗಿದ್ದರೆ ತಡಮಾಡದೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ದೂರು ಕೊಡಿ.

ಹತ್ತು ಕಡೆ ಅರ್ಜಿ ಹಾಕಿ ಒಂದರಿಂದಲೂ ಕರೆ ಬರದಿದ್ದರೆ ಎದೆಗುಂದಬೇಡಿ. ಪುಟವನ್ನು ಮತ್ತೆ ತೆರೆದು, ಇನ್ನೊಬ್ಬರ ಹೆಸರು ಹಾಕಿದರೂ ಸರಿಹೊಂದುವಂಥ ಸಾಲುಗಳು ಎಷ್ಟಿವೆ ಎಂದು ಎಣಿಸಿ. ಅಂಥ ಒಂದೊಂದು ಸಾಲನ್ನೂ ತೆಗೆದು ನಿಮ್ಮದೇ ಒಂದು ಸಾಲನ್ನು ಇಡಿ. ಇನ್ನೂ ಮೊದಲ ವರ್ಷದ ಪದವಿಯಲ್ಲಿರುವವರು ಇಂದೇ ಒಂದು ಎರಡು ರೂಲಿನ ನೋಟ್‌ಬುಕ್ ಕೊಂಡು, ಮಾಡಿದ ಕೆಲಸ, ತಿಂಗಳು, ಎಷ್ಟು ಜನ, ಎಷ್ಟು ಹಣ, ಯಾರ ಉಸ್ತುವಾರಿ ಎಂಬುದನ್ನು ಆಗಾಗ ಬರೆದಿಡಿ. ಕೊನೆಯ ಸೆಮಿಸ್ಟರ್‌ನಲ್ಲಿ ಆ ಪುಸ್ತಕ ತೆರೆದರೆ ‘ಏನು ಬರೆಯಲಿ?’ ಎಂಬ ಪ್ರಶ್ನೆ ‘ಯಾವುದನ್ನು ಬಿಡಲಿ?’ ಎಂದು ಬದಲಾಗಿರುತ್ತದೆ.